ಕಾಲು ಸುತ್ತು

ಮಕ್ತಾನ್ ದ್ವೀಪದಲ್ಲಿ ಗಿಟಾರಿಗೆ ಹಲಸಿನ ಮರ.
ತೊಳೆ ಬಿಡಿಸಿದವರ ಅಂಗೈಗೆ ಮೇಣ ಹತ್ತಿದ ಹಾಗೆ
ಹತ್ತಿಕೊಂಡಿತು ನನಗೂ ಈ ಕೆಲಸ,
ಅಪ್ಪನ ಉಳಿ, ಅಪ್ಪನ ಬೆಂಚು,
ಅಪ್ಪನದೇ ಮಾತು:
'ತೆಯೋಪಿಸ್ತಾ, ತಂತಿ ಹೊರುವ ಕುದುರೆ ಕದಲಬಾರದು.
ಮೂಳೆ ಮರದಲ್ಲಿ ಕೂತಿರಬೇಕು
ಒಸಡಿನಲ್ಲಿ ಹಲ್ಲು ಕೂತ ಹಾಗೆ.'

ಆದರೆ ಮರ ಕೂತಿರುತ್ತದೆಯೇ?
ನೈಋತ್ಯದ ಗಾಳಿ ಸಮುದ್ರ ಹೊತ್ತು ತಂದರೆ
ಹಲಗೆಯ ಹೊಟ್ಟೆ ಉಬ್ಬುತ್ತದೆ,
ತಂತಿಗೂ ಮೆಟ್ಟಿಲಿಗೂ ನಡುವೆ
ಅಕ್ಕಿಕಾಳು ನುಸುಳಿ ಆಚೆ ಹೋಗುತ್ತದೆ.
ಮಾರ್ಚಿನ ಬಿಸಿಲಿಗೆ ಅದೇ ಹೊಟ್ಟೆ ಇಳಿದು
ತಂತಿ ಮೆಟ್ಟಿಲಿಗೆ ತಾಗಿ
ಡಬ್ಬದೊಳಗಿನ ಜೀರುಂಡೆ.

ಎಸ್ತನಿಸ್ಲಾವೊ ಬರುತ್ತಿದ್ದ ವರ್ಷಕ್ಕೆರಡು ಸಲ.
ಬೊಹೋಲಿನ ಫೆರಿಯಲ್ಲಿ ಎಂಜಿನ್ ಮಿಸ್ತ್ರಿ,
ಎಡಗೈಯ ಉಂಗುರಬೆರಳು ಒಮ್ಮೆ ಬೆಲ್ಟಿಗೆ ಸಿಕ್ಕಿ
ಅರ್ಧಕ್ಕಷ್ಟೇ ಮಡಚುವುದು.
'ಎತ್ತರವಾಯಿತು, ಇಳಿಸು' ಅನ್ನುವನು,
ಉಪ್ಪುಕಾಗದದ ಮೇಲೆ ಮೂಳೆ ಉಜ್ಜುವೆ.
'ತಗ್ಗಾಯಿತು, ಏರಿಸು' ಅನ್ನುವನು.
ಉಜ್ಜಿದ್ದನ್ನು ಮರಳಿ ತರಲು ಯಾರಿಂದಾದೀತು?
ಹರಿದ ಇಸ್ಪೀಟೆಲೆಯ ಚೂರು ಅಡಿಗೆ ತುರುಕುವೆ.
ಒಂದು ವರ್ಷ ಆಟಿನ್ ರಾಣಿಯ ಕೆನ್ನೆ.

ನಾಲ್ಕನೇ ಸಲ ಅವನು ಜೇಬಿನಿಂದ ತೆಗೆದು
ಬೆಂಚಿನ ಮೇಲಿಟ್ಟ ಎರಡು ಹಿತ್ತಾಳೆ ತಿರುಪು,
ಯಾವುದೋ ಸತ್ತ ಕಾರ್ಬ್ಯುರೇಟರಿನವು.
'ಎಂಜಿನ್ನಿಗೇ ಇದೆ. ಕುದುರೆಗೇಕಿಲ್ಲ?'

ಮಾಡಿದೆ. ಮೂಳೆಯ ಎರಡು ತುದಿಗೆ ಎರಡು ತಿರುಪು,
ತಿರುಗಿಸಿದರೆ ಏಳುತ್ತದೆ, ಮರಳಿಸಿದರೆ ಇಳಿಯುತ್ತದೆ.
ಮೂಳೆಯ ಅಡಿಯಲ್ಲಿ ಬೆಳಕು ಕಾಣುತ್ತಿತ್ತು.
ಮೀಟಿದೆ.
ಗೋಡೆಯಾಚೆ ಮಲಗಿದ್ದ ಅಪ್ಪ:
'ಯಾರದು, ಬಾಯಲ್ಲಿ ಅನ್ನ ಇಟ್ಟುಕೊಂಡು ಮಾತಾಡುವುದು?'

ಆ ಬೆಳಕೇ ಕಳ್ಳ.
ತಂತಿಯ ಮಾತು ಮರದ ಮನೆ ಸೇರಲು
ಎರಡು ತಿರುಪಿನ ಸಂಕ ದಾಟಬೇಕಿತ್ತು,
ಅರ್ಧ ನೀರಿಗೆ ಬೀಳುತ್ತಿತ್ತು.

ಹನ್ನೊಂದು ಕುದುರೆ ಒಲೆಗೆ ಹೋದವು.
ಹನ್ನೆರಡನೆಯದಕ್ಕೆ ತಿರುಪು ಒಂದೇ, ಅದೂ ಅಡ್ಡ ಮಲಗಿದ್ದು.
ಮೂಳೆಯ ಕೆಳಗೆ ಕರಿಮರದ ಎರಡು ಬೆಣೆ,
ಒಂದರ ಇಳಿಜಾರಿಗೆ ಇನ್ನೊಂದರ ಇಳಿಜಾರು,
ನಡುವೆ ಕೂದಲೂ ತೂರದು.
ತಿರುಪು ಕೆಳಗಿನದನ್ನು ನೂಕುತ್ತದೆ, ಮೇಲಿನದು ಏಳುತ್ತದೆ,
ಚಾಪೆಯ ಮೇಲೆ ತಂಗಿ ಒತ್ತರಿಸಿದರೆ ಅಕ್ಕ ಏಳುವ ಹಾಗೆ.
ಮರಕ್ಕೆ ಮರ, ಮರಕ್ಕೆ ಮೂಳೆ, ಎಲ್ಲೂ ಬೆಳಕಿಲ್ಲ.
ಮೀಟಿದೆ.
ಗೋಡೆಯಾಚೆ ಮಂಚ ಕಿರುಗುಟ್ಟಿತು.
ಎದ್ದು ಕೂತಿರಬೇಕು.

ಉಗುರುದ್ದದ ಹಿತ್ತಾಳೆ ಕೀಲಿ ಮಾಡಿ ಕೊಟ್ಟೆ.
ಎಸ್ತನಿಸ್ಲಾವೊ ಕೊರಳಿಗೆ ಕಟ್ಟಿಕೊಂಡ,
ಸಂತನ ಪದಕದ ಪಕ್ಕ.

ಆಮೇಲಿನದು ಅವನ ಹೆಂಡತಿ ಹೇಳಿದ್ದು:
ಬೆಳಿಗ್ಗೆ ಕಾಲು ಸುತ್ತು ಮೇಲೆ,
ಊಟಕ್ಕೆ ಮುಂಚೆ ಅರ್ಧ ಸುತ್ತು ಕೆಳಗೆ,
ಮದುವೆಮನೆಯಲ್ಲಿ ಹಾಡಿನ ನಡುವೆ ನಿಲ್ಲಿಸಿ
ಅಂಗಿಯೊಳಗೆ ಕೀಲಿ ತಡಕುವುದು,
ರಾತ್ರಿ ಟಾರ್ಚು ಹಿಡಿದು ಮೂಳೆಯನ್ನೇ ನೋಡುವುದು.
ನುಡಿಸುವುದು ಬಿಟ್ಟು ಸುಮಾರು ದಿನವಾಯಿತಂತೆ.

ಸೆಪ್ಟೆಂಬರಿನಲ್ಲಿ ಬಂದ, ತಾನು ತೊಯ್ದು,
ಗಿಟಾರಿಗೆ ಟಾರ್ಪಾಲು ಹೊದಿಸಿ.
'ಅಂಟು ಹಾಕಿಬಿಡು.'
'ಎಷ್ಟು ಎತ್ತರಕ್ಕೆ?'
'ನಿನಗೆ ತೋಚಿದಷ್ಟು.
ಮುಂಚೆಯೇ ವಾಸಿ, ಕೆಟ್ಟರೆ ಮಳೆಗೆ ಬಯ್ಯುತ್ತಿದ್ದೆ.
ಈಗ ತಪ್ಪೆಲ್ಲ ಈ ಕೊರಳಲ್ಲೇ ತೂಗುತ್ತದೆ.'
ಬಿಚ್ಚಿ ಕೊಟ್ಟ. ಬೆವರಿಗೆ ಹಸಿರುಗಟ್ಟಿತ್ತು ಕೀಲಿ.

ಅಂಟಿನ ಡಬ್ಬಿ ಅವನೆದುರೇ ತೆರೆದೆ,
ವಾಸನೆ ಬರಲಿ ಎಂದು.

ಈಗಲೂ ಬರುತ್ತಾನೆ ವರ್ಷಕ್ಕೆರಡು ಸಲ, ತಂತಿ ಬದಲಿಸಲು.
ಕಾಫಿ ತರಲು ಅವನನ್ನೇ ಕಳಿಸುತ್ತೇನೆ ಬೀದಿಯ ತುದಿಗೆ.
ಏಪ್ರನ್ನಿನ ಜೇಬಿಗೆ ಕೈ ಹಾಕುತ್ತೇನೆ.
ಕಾಲು ಸುತ್ತು. ಕೆಲವೊಮ್ಮೆ ಅದಕ್ಕೂ ಕಡಿಮೆ.
ಮರಳಿ ಬಂದವನು ತೊಡೆಗೆತ್ತಿಕೊಂಡು
ಆ ಅರ್ಧ ಬೆರಳೂರಿ ಮೀಟಿ,
'ನೋಡಿದೆಯಾ' ಅನ್ನುತ್ತಾನೆ,
'ಅಂಟು ಹಾಕಿದ ಮೇಲೆ ಒಂದಿಷ್ಟೂ ಕದಲಿಲ್ಲ.'